ಈ ಸಾವಿರ ಯಾರದು? ತೀರ್ಥಹಳ್ಳಿಯ ಒಂದು ಮನೆಯ 41 ಬಾಗಿಲುಗಳ ಪ್ರಕರಣ

ಫೆಬ್ರವರಿಯ ಒಂದು ಮಧ್ಯಾಹ್ನ ಸಾಗರದಿಂದ ಬಡಗಿಯೊಬ್ಬರು ಫೋನ್ ಮಾಡಿದರು. "ಸಾರ್, ನೀವು ಕಳಿಸಿದ ಪಟ್ಟಿಯಲ್ಲಿ ಡಿ2 ಬಾಗಿಲಿಗೆ ಅಗಲ ಸಾವಿರ ಅಂತಿದೆ. ಈ ಸಾವಿರ ಗೋಡೇದಾ, ದಾರಂದದ್ದಾ, ಕದದ್ದಾ?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಕೊಡಲು ಆಗಲಿಲ್ಲ. ನಮ್ಮ ಆಫೀಸಿನಿಂದ ಹೋದ ಪಟ್ಟಿ, ನಾವೇ ಬಿಡಿಸಿದ ಬಾಗಿಲು, ಆದರೂ ಆ ಅಂಕಿ ಯಾವುದರ ಅಳತೆ ಅಂತ ಫೈಲ್ ತೆರೆದು ನೋಡದೆ ಹೇಳುವ ಹಾಗಿರಲಿಲ್ಲ. ಒಂದು ಗಂಟೆ ಟೈಮ್ ಕೊಡಿ ಅಂದೆ. ಆ ಒಂದು ಗಂಟೆ ಮೂರು ವಾರ ಆಯಿತು. ಅಷ್ಟರಲ್ಲಿ ನಾವು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿವಮೊಗ್ಗದಲ್ಲಿ ನಮ್ಮ ಹಾಗೆ ಮೂರು ಜನ ಕೂತು ರೆವಿಟ್ ಅನ್ನುವ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಡ್ರಾಯಿಂಗ್ ಮಾಡುವ ಆಫೀಸುಗಳು ಬಹಳ ಇವೆ. ಅವರಲ್ಲಿ ಯಾರಿಗಾದರೂ ಇದು ಕೆಲಸಕ್ಕೆ ಬರಬಹುದು.

ಕೆಲಸ ಏನು?

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಂದು ಹಳೆಯ ತೊಟ್ಟಿ ಮನೆ. ಅದರ ಪಕ್ಕಕ್ಕೆ ಅಂಟಿಕೊಂಡಂತೆ ಹೊಸ ಕಟ್ಟಡ. ಮನೆಯವರು ವೈದ್ಯ ದಂಪತಿ. ಹೊಸ ಕಟ್ಟಡದ ಕೆಳಗೆ ಫಿಸಿಯೋಥೆರಪಿ ಕ್ಲಿನಿಕ್, ಮೇಲೆ ಅವರ ವಾಸ. ಗೋಡೆ ಕೆಂಪು ಕಲ್ಲಿನದು, ಮೇಲೆ ಗಾರೆ ಬಳಿಯುವುದಿಲ್ಲ. ಒಟ್ಟು 41 ಬಾಗಿಲು: ಹೊಸದು 32, ಹಳೆ ಮನೆಯದು 9. ಕ್ಲಿನಿಕ್‌ಗೆ ಬರುವವರಲ್ಲಿ ಗಾಲಿಕುರ್ಚಿಯವರು ಜಾಸ್ತಿ. ಹಾಗಾಗಿ ಮೊದಲ ಭೇಟಿಯಲ್ಲೇ ವೈದ್ಯೆ ಹೇಳಿದ್ದರು: "ರೋಗಿಗಳು ಓಡಾಡುವ ಯಾವ ಬಾಗಿಲೂ 900ಕ್ಕಿಂತ ಕಮ್ಮಿ ಇರಬಾರದು." ಅವರು ಹೇಳಿದ್ದು ಸರಿಯೇ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಎಲ್ಲರೂ ಬಳಸುವಂಥ ಬಾಗಿಲಿಗೆ 900 ಮಿ.ಮೀ. ದಾಟುವ ಅಗಲ ಕೇಳುತ್ತದೆ. ನಾವು ಕ್ಲಿನಿಕ್‌ನ 11 ಬಾಗಿಲಿಗೆ ಡಿ2 ಅಂತ ಹೆಸರಿಟ್ಟು 1000 ಕೊಟ್ಟೆವು. ನೂರು ಹೆಚ್ಚೇ ಇದೆ ಅಂತ ಸಮಾಧಾನವಾಗಿದ್ದೆವು.

ಒಂದು ಬಾಗಿಲಿಗೆ ಐದು ಅಗಲ

ಬಡಗಿ ಫೋನ್ ಇಟ್ಟ ಮೇಲೆ ಡಿ2 ಬಾಗಿಲಿನ ಫ್ಯಾಮಿಲಿ ತೆರೆದೆ. ರೆವಿಟ್‌ನಲ್ಲಿ ಬಾಗಿಲಿನ ಅಚ್ಚಿಗೆ ಫ್ಯಾಮಿಲಿ ಅನ್ನುತ್ತಾರೆ. ಅದರಲ್ಲಿ ವಿಡ್ತ್ ಅನ್ನುವ ಅಳತೆ ಗೋಡೆಯ ತೆರವಿಗೆ ಕಟ್ಟಿಕೊಂಡಿತ್ತು. ಅಂದರೆ 1000 ಗೋಡೆಯದು. ಇನ್ನು ಒಳಗೆ ಲೆಕ್ಕ ಹಾಕುತ್ತಾ ಹೋದರೆ ಏನಾಗುತ್ತದೆ ನೋಡಿ.

ಗೋಡೆ ತೆರವು 1000. ದಾರಂದ ಕೂರಿಸಲು ಸುತ್ತ 5 ಮಿ.ಮೀ. ಬಿಡುವುದು ಭಾರತೀಯ ಮಾನಕದ ಪದ್ಧತಿ. ಮರದ ದಾರಂದಕ್ಕೆ ಐಎಸ್ 4021 ಅನ್ನುವ ಮಾನಕ ಇದೆ. ಹಾಗೆ ಬಿಟ್ಟರೆ ದಾರಂದದ ಹೊರ ಅಗಲ 990. ದಾರಂದದ ಮರ 60 ಮಿ.ಮೀ. ದಪ್ಪ. ಅದರಲ್ಲಿ ಕದ ಕೂರುವ ಕಚ್ಚು, ಬಡಗಿಗಳು ರಿಬೇಟ್ ಅನ್ನುವುದು, 15 ಮಿ.ಮೀ. ಹಾಗಾಗಿ ಕದದ ಅಗಲ ಎರಡೂ ಕಡೆಯಿಂದ 45 ಕಳೆದು 900. ಸಂದಿಗೆ ಬಡಗಿ ಕೆರೆಯುವ ಎರಡು ಮೂರು ಮಿ.ಮೀ. ಬೇರೆ. ದಾರಂದದ ಒಳಮುಖದಿಂದ ಒಳಮುಖಕ್ಕೆ ಅಳೆದರೆ 990ರಲ್ಲಿ 120 ಹೋಗಿ 870. ಕೊನೆಗೆ, ಬಾಗಿಲು ತೊಂಬತ್ತು ಡಿಗ್ರಿ ತೆರೆದು ನಿಂತಾಗ ಕದ ತಾನೇ ಜಾಗ ತಿನ್ನುತ್ತದೆ. ಕದ 35 ಮಿ.ಮೀ. ದಪ್ಪ ಇದ್ದರೆ, ಕಚ್ಚಿನ 15 ಕಳೆದು 20 ಮಿ.ಮೀ. ದಾರಿಗೆ ಚಾಚಿಕೊಳ್ಳುತ್ತದೆ. ಉಳಿದದ್ದು 850.

1000, 990, 900, 870, 850. ಒಂದೇ ಬಾಗಿಲು, ಐದು ಅಗಲ, ಐದೂ ನಿಜ. ಮೇಸ್ತ್ರಿಗೆ ಬೇಕಾದದ್ದು ಮೊದಲನೆಯದು. ದಾರಂದ ಮಾಡುವವರಿಗೆ ಎರಡನೆಯದು. ಕದ ಮಾಡುವವರಿಗೆ ಮೂರನೆಯದು. ಗಾಲಿಕುರ್ಚಿಗೆ ಐದನೆಯದು. ನಾವು ಎಲ್ಲರಿಗೂ ಒಂದೇ ಕಾಲಮ್ ಕೊಟ್ಟು, ಅದರ ತಲೆಗೆ 'ಅಗಲ' ಅಂತ ಬರೆದಿದ್ದೆವು. ವೈದ್ಯೆ ಕೇಳಿದ 900ರ ದಾಟುವ ಅಗಲ ನಮ್ಮ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು 850, ಅದೂ ಯಾರ ಕಣ್ಣಿಗೂ ಬೀಳದ ಹಾಗೆ.

ಆ ದಿನ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮರ ಇನ್ನೂ ಕೊಯ್ದಿರಲಿಲ್ಲ, ಅದು ಬಡಗಿಯವರ ಪುಣ್ಯ. ಆದರೆ 11 ತೆರವುಗಳಲ್ಲಿ ನಾಲ್ಕು ಅಷ್ಟರಲ್ಲೇ ಎದ್ದಿದ್ದವು.

ಉಲ್ಟಾ ಲೆಕ್ಕ ಮಾಡಿದೆವು. ದಾಟಲು 900 ಬೇಕಾದರೆ ಒಳಮುಖ 920, ಕದ 950, ದಾರಂದ 1040, ತೆರವು 1050. ಬೇಕಾದದ್ದು 50 ಮಿ.ಮೀ. ಮಾತ್ರ. ಕೆಂಪು ಕಲ್ಲಿನ ಒಂದು ಗುಣ ಇಲ್ಲಿ ಕೈ ಹಿಡಿಯಿತು: ಅದನ್ನು ಕೆತ್ತಬಹುದು. ಎದ್ದಿದ್ದ ನಾಲ್ಕು ತೆರವುಗಳಲ್ಲಿ ಎರಡೂ ಪಕ್ಕ 25 ಮಿ.ಮೀ. ಕೆತ್ತಿಸಿದೆವು. ಲಿಂಟಲ್ ಗೋಡೆಯ ಮೇಲೆ ಕೂರುವ ಜಾಗ ಎರಡೂ ತುದಿಗೆ 200 ಇತ್ತು, 175 ಆಯಿತು. ಇಂಜಿನಿಯರ್ ನೋಡಿ ಒಪ್ಪಿದ ಮೇಲೆಯೇ ಕೈ ಹಾಕಿದ್ದು. ಇದೇ ಕಾಂಕ್ರೀಟ್ ಗೋಡೆ ಆಗಿದ್ದರೆ ಕಥೆ ಬೇರೆ.

ಕಾಲಮ್ ಹುಡುಕಿದ್ದು

ಇಷ್ಟು ಗೊತ್ತಾದ ಮೇಲೆ ಪಟ್ಟಿಗೆ ಸರಿಯಾದ ಫೀಲ್ಡ್ ಸೇರಿಸಿದರೆ ಮುಗಿಯಿತು ಅಂದುಕೊಂಡೆವು. ಬಾಗಿಲುಗಳ ಇಂಥ ಪಟ್ಟಿಗೆ ರೆವಿಟ್‌ನಲ್ಲಿ ಷೆಡ್ಯೂಲ್ ಅನ್ನುತ್ತಾರೆ, ಅದರ ಕಾಲಮ್ಮಿಗೆ ಅಂಕಿ ತರುವ ಹೆಸರಿಗೆ ಫೀಲ್ಡ್. ಷೆಡ್ಯೂಲ್‌ನ ಫೀಲ್ಡ್ಸ್ ತೆರೆದರೆ ಉದ್ದ ಪಟ್ಟಿ. ಅದರಲ್ಲಿ ರಫ್ ವಿಡ್ತ್, ರಫ್ ಹೈಟ್ ಕಂಡವು. ಇದೇ ಗೋಡೆ ತೆರವು ಅಲ್ವಾ ಅಂತ ಖುಷಿಯಿಂದ ಸೇರಿಸಿದೆವು. ಕಾಲಮ್ ಬಂತು, ಒಳಗೆ ಖಾಲಿ. ಈ ಹೆಸರುಗಳು ಬಾಗಿಲಿನ ವರ್ಗದಲ್ಲಿ ಮೊದಲಿನಿಂದಲೂ ಇರುತ್ತವೆ, ಆದರೆ ಫ್ಯಾಮಿಲಿ ಮಾಡಿದವರು ಅದಕ್ಕೆ ಬೆಲೆಯನ್ನೋ ಸೂತ್ರವನ್ನೋ ಕೊಡದಿದ್ದರೆ ಏನೂ ತುಂಬುವುದಿಲ್ಲ. ಫೀಲ್ಡ್ ಇದೆ ಅಂದ ಮಾತ್ರಕ್ಕೆ ಮಾಹಿತಿ ಇದೆ ಅಂತಲ್ಲ.

ಡಿ5 ಮಾತ್ರ ತುಂಬಿತ್ತು. ಡಿ5 ಬಚ್ಚಲಿನ ಬಾಗಿಲು, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಫ್ಯಾಮಿಲಿ. ಅದರಲ್ಲಿ ರಫ್ ವಿಡ್ತ್ ಅಂದರೆ ವಿಡ್ತ್‌ಗೆ 2 ಇಂಚು ಕೂಡಿಸಿದ್ದು. ಅಮೆರಿಕದಲ್ಲಿ ಮರದ ಚೌಕಟ್ಟಿನ ಗೋಡೆಗಳಿಗೆ ಈ ಲೆಕ್ಕ ನಡೆಯುತ್ತದೆ, ಅಲ್ಲಿ ದಾರಂದವೂ ತೆಳು. ನಮ್ಮ 60 ಮಿ.ಮೀ. ದಾರಂದ ಆ 2 ಇಂಚಿನಲ್ಲಿ ಹಿಡಿಯುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ಆಗಲೇ ಹೊಳೆದದ್ದು. ಡಿ5ರಲ್ಲಿ ವಿಡ್ತ್ ಅಂದರೆ ಕದದ ಅಗಲ. ಡಿ2ರಲ್ಲಿ ವಿಡ್ತ್ ಅಂದರೆ ಗೋಡೆಯ ಅಗಲ. ಎರಡೂ ಒಂದೇ ಕಾಲಮ್ಮಿನಲ್ಲಿ, ಒಂದರ ಕೆಳಗೆ ಒಂದು, ಸಾಲಾಗಿ ಕೂತಿದ್ದವು. ಸಾಫ್ಟ್‌ವೇರ್‌ಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಅದು ಹೆಸರು ನೋಡಿ ಅಂಕಿ ತರುತ್ತದೆ. ಆ ಹೆಸರನ್ನು ಯಾವ ಗೆರೆಗೆ ಕಟ್ಟಿದ್ದಾರೆ ಅನ್ನುವುದು ಫ್ಯಾಮಿಲಿ ಮಾಡಿದವರ ಇಷ್ಟ.

ನಮ್ಮ ಡಿ2 ಫ್ಯಾಮಿಲಿಯೊಳಗೆ ದಾರಂದದ ಅಗಲ, ಕದದ ಅಗಲ ಎರಡೂ ಪ್ಯಾರಾಮೀಟರ್ ಆಗಿ, ಅಂದರೆ ಹೆಸರಿಟ್ಟ ಅಳತೆಗಳಾಗಿ, ಇದ್ದವು. ಬಾಗಿಲನ್ನು ಆರಿಸಿ ಟೈಪ್ ಪ್ರಾಪರ್ಟೀಸ್ ನೋಡಿದರೆ ಕಾಣುತ್ತಿದ್ದವು. ಷೆಡ್ಯೂಲ್‌ನ ಪಟ್ಟಿಯಲ್ಲಿ ಮಾತ್ರ ಇಲ್ಲ. ನಮ್ಮ ಆಫೀಸಿನ ಹುಡುಗಿ ಇದರ ಹಿಂದೆ ಒಂದು ಇಡೀ ದಿನ ಕಳೆದಳು, ಫೈಲ್ ಕೆಟ್ಟಿದೆ ಅಂತ ಮತ್ತೆ ಮತ್ತೆ ತೆರೆದಳು. ಫೈಲ್ ಚೆನ್ನಾಗಿಯೇ ಇತ್ತು. ಫ್ಯಾಮಿಲಿಯೊಳಗೆ ಸುಮ್ನೆ ಹುಟ್ಟಿಸಿದ ಪ್ಯಾರಾಮೀಟರ್ ಆ ಫ್ಯಾಮಿಲಿಗೆ ಮಾತ್ರ ಸೇರಿದ್ದು. ಷೆಡ್ಯೂಲ್‌ಗೆ ಬರಬೇಕಾದರೆ ಅದು ಶೇರ್ಡ್ ಪ್ಯಾರಾಮೀಟರ್ ಆಗಿರಬೇಕು. ಪ್ರಾಜೆಕ್ಟ್ ಪ್ಯಾರಾಮೀಟರ್ ಅಂತ ಇನ್ನೊಂದಿದೆ. ಅದು ಷೆಡ್ಯೂಲ್‌ಗೆ ಬರುತ್ತದೆ, ಆದರೆ ಪ್ಲಾನಿನ ಮೇಲೆ ಬಾಗಿಲಿನ ಪಕ್ಕ ಕೂರುವ ಗುರುತಿನ ಚೀಟಿಯಲ್ಲಿ, ಅಂದರೆ ಟ್ಯಾಗ್‌ನಲ್ಲಿ, ಬರುವುದಿಲ್ಲ, ಫ್ಯಾಮಿಲಿಯೊಳಗಿನ ಗೆರೆಗಳಿಗೂ ಕಟ್ಟಲು ಬರುವುದಿಲ್ಲ. ಶೇರ್ಡ್ ಮಾತ್ರ ಮೂರೂ ಕಡೆ ನಡೆಯುತ್ತದೆ: ಫ್ಯಾಮಿಲಿ, ಷೆಡ್ಯೂಲ್, ಟ್ಯಾಗ್.

ಸರಿ, ಶೇರ್ಡ್ ಮಾಡೋಣ ಅಂತ ಇಬ್ಬರು ಒಟ್ಟಿಗೆ ಕೂತೆವು. ಅವಳು ಡಿ1ರಿಂದ ಡಿ4, ನಾನು ಡಿ5ರಿಂದ ಮುಂದೆ. ಸಂಜೆ ಸೇರಿಸಿ ನೋಡಿದರೆ ಫೀಲ್ಡ್ ಪಟ್ಟಿಯಲ್ಲಿ 'ದಾಟುವ ಅಗಲ' ಎರಡು ಸಲ! ಒಂದನ್ನು ಹಾಕಿದರೆ ಪಟ್ಟಿಯ ಮೇಲರ್ಧ ತುಂಬುತ್ತದೆ, ಇನ್ನೊಂದನ್ನು ಹಾಕಿದರೆ ಕೆಳಗಿನರ್ಧ. ಶೇರ್ಡ್ ಪ್ಯಾರಾಮೀಟರ್‌ಗಳು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಇರುತ್ತವೆ. ಪ್ರತಿಯೊಂದಕ್ಕೂ ಜಿಯುಐಡಿ ಅನ್ನುವ ಉದ್ದನೆಯ ಗುರುತಿನ ಸಂಖ್ಯೆ ಇರುತ್ತದೆ. ರೆವಿಟ್ ನೋಡುವುದು ಆ ಸಂಖ್ಯೆಯನ್ನು, ಹೆಸರನ್ನಲ್ಲ. ನಾವಿಬ್ಬರೂ ನಮ್ಮ ನಮ್ಮ ಕಂಪ್ಯೂಟರಿನಲ್ಲಿ ಬೇರೆ ಬೇರೆ ಫೈಲ್ ಮಾಡಿಕೊಂಡಿದ್ದೆವು. ಒಂದೇ ಹೆಸರಿನ ಇಬ್ಬರು ಮಕ್ಕಳು ಒಂದೇ ತರಗತಿಯಲ್ಲಿ ಇದ್ದ ಹಾಗೆ. ನನ್ನದನ್ನು ಅಳಿಸಿ, ಅವಳ ಫೈಲನ್ನು ಸರ್ವರ್‌ನಲ್ಲಿ ಇಟ್ಟು, ಎಲ್ಲ ಫ್ಯಾಮಿಲಿಗೂ ಅಲ್ಲಿಂದಲೇ ಸೇರಿಸಿದೆವು. ಈಗ ಆಫೀಸಿನಲ್ಲಿ ಒಂದೇ ಫೈಲ್.

ಕೊನೆಗೆ ನಿಂತ ವ್ಯವಸ್ಥೆ ಹೀಗಿದೆ. ವಿಡ್ತ್ ಅಂದರೆ ನಮ್ಮ ಆಫೀಸಿನ ಎಲ್ಲ ಬಾಗಿಲಲ್ಲೂ ಗೋಡೆ ತೆರವು, ಬೇರೇನೂ ಅಲ್ಲ. ಇಳಿಸಿಕೊಂಡ ಡಿ5ನ್ನು ಬಿಚ್ಚಿ ಮತ್ತೆ ಕಟ್ಟಿದೆವು. ದಾರಂದ, ಕದ, ಒಳಮುಖ, ದಾಟುವ ಅಗಲ ಈ ನಾಲ್ಕೂ ಶೇರ್ಡ್, ನಾಲ್ಕೂ ಫ್ಯಾಮಿಲಿಯೊಳಗಿನ ಸೂತ್ರದಿಂದ ತಾವಾಗಿ ಬರುತ್ತವೆ. ದಾರಂದದ ದಪ್ಪ ಬದಲಾದರೆ ಎಲ್ಲವೂ ಬದಲಾಗುತ್ತವೆ. ಷೆಡ್ಯೂಲ್‌ನಲ್ಲೇ ಕ್ಯಾಲ್ಕುಲೇಟೆಡ್ ವ್ಯಾಲ್ಯೂ ಹಾಕಿ ವಿಡ್ತ್‌ನಿಂದ 100 ಕಳೆಯಬಹುದಿತ್ತು. ಅದು ಐದು ನಿಮಿಷದ ಕೆಲಸ. ಆದರೆ ಆ ಅಂಕಿ ಷೆಡ್ಯೂಲ್ ಬಿಟ್ಟು ಹೊರಗೆ ಬರುವುದಿಲ್ಲ, ಟ್ಯಾಗ್‌ಗೂ ಹೋಗುವುದಿಲ್ಲ. ಮೇಸ್ತ್ರಿ ನೋಡುವುದು ಪ್ಲಾನನ್ನು. ಅವರಿಗೆ ಅಲ್ಲೇ ಕಾಣಬೇಕು.

ಪ್ರತಿ ಫೀಲ್ಡ್ ಸೇರಿಸಿದಾಗಲೂ ಒಂದು ಪರೀಕ್ಷೆ ಮಾಡಿದೆವು. ಹೊಸ ಫೈಲ್‌ನಲ್ಲಿ ಒಂದೇ ಗೋಡೆ, ಒಂದೇ ಬಾಗಿಲು, ಅಗಲ 1037. ಯಾರೂ ಕೊಡದಂಥ ಅಂಕಿ. ಷೆಡ್ಯೂಲ್‌ನಲ್ಲಿ 1037, 1027, 937, 907, 887 ಬರಬೇಕು. ಬಂದರೆ ಆ ಫೀಲ್ಡ್ ಬದುಕಿದೆ. ಹಳೆಯ ಬೆಲೆಯೇ ಕೂತಿದ್ದರೆ ಅದು ಯಾರೋ ಕೈಯಲ್ಲಿ ಬರೆದಿಟ್ಟದ್ದು. ಡಿ7 ಹೀಗೆಯೇ ಸಿಕ್ಕಿಬಿತ್ತು.

ಕೋಣೆಯ ಹೆಸರು, ಮಳೆ, ಹೊಸ್ತಿಲು

ಬಾಗಿಲು ಯಾವ ಕೋಣೆಯಿಂದ ಯಾವ ಕೋಣೆಗೆ ಅನ್ನುವುದಕ್ಕೆ ಫ್ರಮ್ ರೂಮ್, ಟು ರೂಮ್ ಅಂತ ಬೇರೆಯೇ ಪಟ್ಟಿ ಇದೆ, ಫೀಲ್ಡ್ಸ್ ಕಿಟಕಿಯ ಮೇಲಿನ ಡ್ರಾಪ್‌ಡೌನ್‌ನಲ್ಲಿ. ಹೊಸ ಕಟ್ಟಡಕ್ಕೆ ಕೂಡಲೇ ಬಂತು. ಹಳೆ ಮನೆಯ 9 ಬಾಗಿಲಿಗೆ ಬರಲಿಲ್ಲ. ಕಾರಣ ಎರಡು. ಕಟ್ಟಡದ ಹಂತಕ್ಕೆ ರೆವಿಟ್‌ನಲ್ಲಿ ಫೇಸ್ ಅನ್ನುತ್ತಾರೆ. ಹಳೆ ಮನೆಯ ಕೋಣೆಗಳನ್ನು ನಾವು ಎಕ್ಸಿಸ್ಟಿಂಗ್ ಫೇಸ್‌ನಲ್ಲಿ ಇಟ್ಟಿದ್ದೆವು, ಷೆಡ್ಯೂಲ್ ಹೊಸ ಫೇಸ್‌ನಲ್ಲಿತ್ತು. ಗೋಡೆ, ಬಾಗಿಲು ಒಂದು ಫೇಸ್‌ನಿಂದ ಮುಂದಿನದಕ್ಕೆ ದಾಟುತ್ತವೆ, ಕೋಣೆ ದಾಟುವುದಿಲ್ಲ. ಹೊಸ ಫೇಸ್‌ನಲ್ಲಿ ಮತ್ತೊಮ್ಮೆ ಇಡಬೇಕು. ಇನ್ನೊಂದು ಕಾರಣ ಜಗಲಿ. ಮಲೆನಾಡಿನ ಜಗಲಿ ಒಂದು ಕಡೆ ತೆರೆದೇ ಇರುತ್ತದೆ, ಅಂಗಳಕ್ಕೆ ಮುಖ ಮಾಡಿ. ನಾಲ್ಕೂ ಕಡೆ ಮುಚ್ಚದಿದ್ದರೆ ರೆವಿಟ್ ಅದನ್ನು ಕೋಣೆ ಅಂತ ಒಪ್ಪುವುದಿಲ್ಲ. ಕಂಬಗಳ ಸಾಲಿನ ಉದ್ದಕ್ಕೆ ರೂಮ್ ಸೆಪರೇಟರ್ ಗೆರೆ ಎಳೆದ ಮೇಲೆ 'ಜಗಲಿ' ಅಂತ ಬಂತು.

ಮರದ ಮಾತು ಬಡಗಿಯವರೇ ಎತ್ತಿದರು. "ಆಗುಂಬೆ ಮಳೆಗೆ ಎದುರು ನಿಲ್ಲೋ ಬಾಗಿಲು ಯಾವುವು ಅಂತ ಪಟ್ಟಿಯಲ್ಲಿ ಎಲ್ಲಿದೆ?" ಅಂತ ಕೇಳಿದರು. ಮರ ಉಬ್ಬುವುದು ಅಡ್ಡಕ್ಕೆ, ಉದ್ದಕ್ಕೆ ಬಹಳ ಕಮ್ಮಿ. ಅದಕ್ಕೇ ಜುಲೈನಲ್ಲಿ ಬಾಗಿಲು ಪಕ್ಕಕ್ಕೆ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೂರಿಸುವ ಬಾಗಿಲಿಗೆ ಅವರು ಸಂದಿ ಹೆಚ್ಚು ಬಿಡುತ್ತಾರೆ, ಮಳೆಗೆ ಎದುರಾದದ್ದಕ್ಕೆ ಇನ್ನೂ ಹೆಚ್ಚು. ತೇಗಕ್ಕೆ ಒಂದು ಲೆಕ್ಕ, ಹಲಸಿಗೆ ಒಂದು ಲೆಕ್ಕ. ರೆವಿಟ್‌ನಲ್ಲಿ ಫಂಕ್ಷನ್ ಅನ್ನುವ ಫೀಲ್ಡ್ ಇದೆ. ಒಳಗಿನ ಬಾಗಿಲೋ ಹೊರಗಿನದೋ ಅಂತ ಹೇಳುತ್ತದೆ. ನಾವು ಅದನ್ನೇ ಹಾಕಲು ಹೊರಟಿದ್ದೆವು. ಆದರೆ ಅದು ಟೈಪ್‌ಗೆ ಸೇರಿದ್ದು, ಅಂದರೆ ಒಂದೇ ಬಗೆಯ ಎಲ್ಲ ಬಾಗಿಲಿಗೂ ಒಂದೇ ಉತ್ತರ. ಡಿ3 ಟೈಪ್‌ನ ಆರು ಬಾಗಿಲಲ್ಲಿ ಎರಡು ಹೊರಗಿವೆ, ಅದರಲ್ಲೂ ಒಂದೇ ಒಂದು ಪಶ್ಚಿಮಕ್ಕೆ, ಮಳೆ ಬಡಿಯುವ ಕಡೆಗೆ. ಟೈಪ್‌ನಲ್ಲಿ ಬದಲಿಸಿದರೆ ಆರೂ ಹೊರಗಿನವಾಗುತ್ತವೆ. ಹಾಗಾಗಿ 'ಮಳೆ ಮುಖ' ಅಂತ ನಮ್ಮದೇ ಒಂದು ಫೀಲ್ಡ್ ಮಾಡಿದೆವು, ಇನ್‌ಸ್ಟನ್ಸ್‌ಗೆ ಸೇರಿದ್ದು, ಪ್ರತಿ ಬಾಗಿಲಿಗೂ ಬೇರೆ. ಇಡೀ ಪಟ್ಟಿಯಲ್ಲಿ ನನಗೆ ಬಹಳ ಇಷ್ಟವಾದ ಕಾಲಮ್ ಇದು. ಈ ಊರಿಗೆ ಬೇಕಾದದ್ದು, ಯಾವ ಟೆಂಪ್ಲೇಟ್‌ನಲ್ಲೂ ಸಿಗದದ್ದು.

ಹೊಸ್ತಿಲಿನದು ಇನ್ನೊಂದು ಕಥೆ. ಮನೆಯ ಹಿರಿಯಮ್ಮ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಸಿನ ಹಚ್ಚಿ ರಂಗೋಲಿ ಇಡುವವರು. ಹೊಸ ಮನೆಗೂ ಹೊಸ್ತಿಲು ಬೇಕೇ ಬೇಕು ಅಂದರು. ಗಾಲಿಕುರ್ಚಿಗೆ ಹೊಸ್ತಿಲು ಅಡ್ಡಿ. ವೈದ್ಯೆ ಇಬ್ಬರ ಮಾತನ್ನೂ ಉಳಿಸಿದರು: ಮೇಲಿನ ಮನೆಗೆ ಹೋಗುವ ಮುಂಬಾಗಿಲಿಗೆ ಹೊಸ್ತಿಲು, ಕ್ಲಿನಿಕ್‌ನ ಪಕ್ಕದ ಬಾಗಿಲಿಗೆ ಇಲ್ಲ. ಪಟ್ಟಿಯಲ್ಲಿ ಹೌದು-ಇಲ್ಲ ಫೀಲ್ಡ್ ಸೇರಿಸಿದೆವು. ಇಲ್ಲಿ ಗಮನಿಸಬೇಕಾದ ಒಂದು ಸಣ್ಣ ವಿಷಯ ಇದೆ. ಹೊಸದಾಗಿ ಸೇರಿಸಿದ ಹೌದು-ಇಲ್ಲ ಫೀಲ್ಡ್‌ಗೆ ಮೊದಲು ಉತ್ತರವೇ ಇರುವುದಿಲ್ಲ. ಪ್ರಾಪರ್ಟೀಸ್‌ನಲ್ಲಿ ಬೂದು ಬಣ್ಣದಲ್ಲಿ ಕಾಣುತ್ತದೆ, ಷೆಡ್ಯೂಲ್‌ನಲ್ಲಿ ಖಾಲಿ. ಖಾಲಿ ನೋಡಿದ ಬಡಗಿ ಹೊಸ್ತಿಲು ಬೇಡ ಅಂದುಕೊಳ್ಳುತ್ತಾರೆ. 32ಕ್ಕೂ ಕೂತು ಹೌದು ಅಥವಾ ಇಲ್ಲ ಅಂತ ತುಂಬಿದೆವು, ಒಂದನ್ನೂ ಬಿಡಲಿಲ್ಲ.

ಎಡಗೈ, ಬಲಗೈ

ಬಾಗಿಲು ಯಾವ ಕೈಗೆ ತೆರೆಯುತ್ತದೆ ಅನ್ನುವುದಕ್ಕೆ ರೆವಿಟ್‌ನ ಫೀಲ್ಡ್ ಪಟ್ಟಿಯಲ್ಲಿ ನೇರವಾದ ಕಾಲಮ್ ಇಲ್ಲ. ಪ್ಲಾನಿನಲ್ಲಿ ಬಾಣದ ಗುರುತು ಒತ್ತಿ ಬಾಗಿಲನ್ನು ತಿರುಗಿಸುತ್ತೇವೆ, ಚಿತ್ರ ಬದಲಾಗುತ್ತದೆ, ಕೈ ಯಾವುದು ಅಂತ ಪಟ್ಟಿಯಲ್ಲಿ ಬರುವುದಿಲ್ಲ. ಬೀಗ, ಕೀಲು ತರಿಸುವವರಿಗೆ ಇದು ಗೊತ್ತಿರಲೇಬೇಕು. ಒಳಗೆ ಪ್ರೋಗ್ರಾಂಗೆ ಗೊತ್ತಿದೆ: ಹ್ಯಾಂಡ್ ಫ್ಲಿಪ್ಡ್, ಫೇಸಿಂಗ್ ಫ್ಲಿಪ್ಡ್ ಅಂತ ಎರಡು ಗುರುತು ಪ್ರತಿ ಬಾಗಿಲಿಗೂ ಇರುತ್ತವೆ. ರೆವಿಟ್ ಜೊತೆಗೇ ಬರುವ, ಸ್ಕ್ರಿಪ್ಟ್ ಬರೆಯುವ ಸಾಧನವಾದ ಡೈನಮೋದಿಂದ ಅವನ್ನು ಓದಬಹುದು. ಎರಡರಲ್ಲಿ ಒಂದು ಮಾತ್ರ ಹೌದಾದರೆ ಕೈ ಬದಲಾಗಿದೆ. ಎರಡೂ ಹೌದಾದರೆ ಬಾಗಿಲು ಅರ್ಧ ಸುತ್ತು ತಿರುಗಿದೆ ಅಷ್ಟೇ, ಕೈ ಮೊದಲಿನದೇ. ಈ ಲೆಕ್ಕದಿಂದ 'ಕೈ' ಅನ್ನುವ ಫೀಲ್ಡ್ ತುಂಬುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆವು. ಡ್ರಾಯಿಂಗ್ ಕಳಿಸುವ ಮುಂಚೆ ಪ್ರತಿ ಸಲ ಓಡಿಸಬೇಕು. ಓಡಿಸಲು ಮರೆತರೆ ಹಳೆಯ ಉತ್ತರವೇ ಹೋಗುತ್ತದೆ, ಆ ಅಪಾಯ ಇನ್ನೂ ಇದೆ.

ಯಾವ ಕಡೆ ನಿಂತು ನೋಡಿದರೆ ಎಡ, ಯಾವ ಕಡೆಯಿಂದ ಬಲ? ಇದಕ್ಕೆ ಐಎಸ್ 4043 ಅನ್ನುವ ಮಾನಕವೇ ಇದೆ. ಅದು ಬಾಗಿಲು ಮುಚ್ಚುವ ದಿಕ್ಕನ್ನು ಹಿಡಿಯುತ್ತದೆ. ನಮ್ಮ ಬಡಗಿ ಹಿಡಿಯುವುದು ಕೀಲನ್ನು. ಕೀಲು ಕಾಣುವ ಕಡೆ ನಿಂತು, ಕೀಲು ಎಡಕ್ಕಿದ್ದರೆ ಎಡಗೈ ಬಾಗಿಲು. ಬಾಗಿಲು ಮಾಡುವವರು ಅವರು. ಹಾಗಾಗಿ ಅವರ ಪದ್ಧತಿಯನ್ನೇ ತೆಗೆದುಕೊಂಡು ಪಟ್ಟಿಯ ಮೇಲೆ ಒಂದು ಚಿಕ್ಕ ಚಿತ್ರ ಹಾಕಿದೆವು.

ಕಳಿಸಿದ್ದು

ಇಷ್ಟೆಲ್ಲ ಸೇರಿ 23 ಕಾಲಮ್ ಆಯಿತು. ಅದನ್ನು ಹಾಗೇ ಕಳಿಸಿದ್ದರೆ ಮತ್ತೆ ಅದೇ ಫೋನ್ ಬರುತ್ತಿತ್ತು. ಒಂದೇ ಮಾಡೆಲ್‌ನಿಂದ ಮೂರು ಷೆಡ್ಯೂಲ್ ಮಾಡಿದೆವು. ಮೇಸ್ತ್ರಿಯದರಲ್ಲಿ ಆರು ಕಾಲಮ್: ಗುರುತು, ಮಹಡಿ, ಎಲ್ಲಿಂದ ಎಲ್ಲಿಗೆ, ಗೋಡೆ ತೆರವಿನ ಅಗಲ, ಎತ್ತರ, ಹೊಸ್ತಿಲು. ಬಡಗಿಯದರಲ್ಲಿ ದಾರಂದ, ಕದ, ಮರ, ಮಳೆ ಮುಖ, ಕೈ. ಅಂಗಡಿಯದರಲ್ಲಿ ಕೀಲು, ಬೀಗ, ಚಿಲಕ. ದಾಟುವ ಅಗಲ ವೈದ್ಯೆಗೆ ಮಾತ್ರ ಕಳಿಸಿದೆವು, 11 ಸಾಲು, ಪ್ರತಿಯೊಂದರಲ್ಲೂ 900. ಷೆಡ್ಯೂಲನ್ನು ಟೆಕ್ಸ್ಟ್ ಫೈಲ್ ಆಗಿ ಹೊರತೆಗೆದು ಎಕ್ಸೆಲ್‌ನಲ್ಲಿ ಕಾಲಮ್ ತಲೆಗಳನ್ನು ಕನ್ನಡದಲ್ಲಿ ಬರೆದೆವು. ಬಡಗಿಯವರಿಗೆ ಪಕ್ಕದಲ್ಲಿ ಅಡಿ-ಅಂಗುಲವನ್ನೂ ಕೊಟ್ಟೆವು. ಅವರ ಟೇಪ್ ಅದರಲ್ಲೇ ಓಡುತ್ತದೆ. 'ಅಗಲ' ಅನ್ನುವ ಪದ ಈಗ ನಮ್ಮ ಯಾವ ಪಟ್ಟಿಯಲ್ಲೂ ಒಂಟಿಯಾಗಿ ಇಲ್ಲ. ಗೋಡೆ ಅಗಲ, ದಾರಂದ ಅಗಲ, ಕದ ಅಗಲ, ದಾಟುವ ಅಗಲ.

ಪಟ್ಟಿ ಸಿಕ್ಕಿದ ಮರುದಿನ ಬಡಗಿ ಮತ್ತೆ ಫೋನ್ ಮಾಡಿದರು. ಅಂಕಿಗಳ ಬಗ್ಗೆ ಏನೂ ಕೇಳಲಿಲ್ಲ. ತೇಗದ ಎರಡು ದಿಮ್ಮಿ ಬಂದಿವೆ, ನೋಡಲು ಬನ್ನಿ ಅಂದರು. ಮೊದಲ ದಾರಂದಗಳು ಏಪ್ರಿಲ್ ಕೊನೆಗೆ ಲಾರಿಯಲ್ಲಿ ಬಂದವು. ಕ್ಲಿನಿಕ್‌ನ ಮೊದಲ ಬಾಗಿಲು ಕೂರಿಸಿದ ದಿನ ಕದ ಪೂರ್ತಿ ತೆರೆದು ಟೇಪ್ ಹಿಡಿದೆವು. 902 ಬಂತು.

ಹಳೆ ಮನೆಯ ಪಡಸಾಲೆಗೆ ಎರಡು ಜೋಡಿ ಬಾಗಿಲುಗಳಿವೆ, ಹಲಸಿನವು. ನಮ್ಮ ಹುಡುಗಿ ಅಳೆದಾಗ ಒಂದರ ಎಡ ಕದ 430, ಬಲ ಕದ 455. ದಾರಂದ ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು. ಯಾವ ಸೂತ್ರಕ್ಕೂ ಕೂರುವುದಿಲ್ಲ. ಕೈಯಲ್ಲಿ ಕೆತ್ತಿ, ಇದ್ದ ಹಲಗೆಗೆ ತಕ್ಕ ಹಾಗೆ ಮಾಡಿದ ಬಾಗಿಲುಗಳು. ಅವುಗಳ ಸಾಲಿನಲ್ಲಿ ದಾರಂದ, ಕದ ಎರಡೂ ಕಾಲಮ್ ಖಾಲಿ ಬಿಟ್ಟಿದ್ದೇವೆ. ಕಾಮೆಂಟ್ಸ್ ಫೀಲ್ಡ್‌ನಲ್ಲಿ 'ಹಾಗೇ ಇರಲಿ, ಎಣ್ಣೆ ಮಾತ್ರ' ಅಂತ ಬರೆದಿದ್ದೇವೆ.